ಕಟರ್, ಫಿಟರ್, ಫಾಲ್ಟರ್

ನಮ್ಮ ದೊಡ್ಡಮ್ಮ ಹೊಲಿಗೆ ಅಂಗಡಿಯಲ್ಲಿ ಕಟರ್. ಮೂವತ್ತು ವರ್ಷ ಬಟ್ಟೆ ಕತ್ತರಿಸಿದ ಕೈ ಅದು. ಗಿರಾಕಿ ಬಾಗಿಲು ದಾಟಿ ಒಳಗೆ ಬರುವಷ್ಟರಲ್ಲಿ ಭುಜದ ಅಳತೆ ಅವಳ ಕಣ್ಣಿಗೆ ಸಿಕ್ಕಿರುತ್ತದೆ. ಟೇಪು ಹಿಡಿಯುವುದು ಬರೀ ಗಿರಾಕಿಯ ಸಮಾಧಾನಕ್ಕೆ. ಅವಳ ಕತ್ತರಿ ಓಡುವುದನ್ನು ಈ ವಯಸ್ಸಿನಲ್ಲೂ ನಾನು ಬಾಯಿ ಬಿಟ್ಟುಕೊಂಡು ನೋಡುತ್ತೇನೆ.

ಅಂಥವಳು ಹೋದ ತಿಂಗಳು ಒಂದು ಕೋಟ್‌ಗೆ ಎರಡೂ ಎಡತೋಳನ್ನೇ ಕತ್ತರಿಸಿಬಿಟ್ಟಳು. ಅಂಗಡಿಯವರೆಲ್ಲ ಹೊಟ್ಟೆ ಹುಣ್ಣಾಗುವಂತೆ ನಕ್ಕರು, ಅವಳೂ ನಕ್ಕಳು. ಮಾರನೆಯ ದಿನ ಕತ್ತರಿ ಹಿಡಿದರೆ ಕೈಯೇ ಬರಲಿಲ್ಲ. ಅವತ್ತಿನಿಂದ ಗುಂಡಿ ಹೊಲಿಯುತ್ತ ಕೂತಳು.

ಈ ಶನಿವಾರ ಒಬ್ಬರು ನರ್ಸ್ ತೀರಿಹೋದ ತಾಯಿಯ ಕೋಟ್ ತಂದರು. ಅದನ್ನು ತಮ್ಮ ಅಳತೆಗೆ ಇಳಿಸಬೇಕಂತೆ. "ನೀವೇ ಕತ್ತರಿಸ್ಬೇಕು. ಇದು ಹಾಳಾದ್ರೆ ಅಮ್ಮಂದು ಅಂತ ಇನ್ನೇನೂ ಇಲ್ಲ" ಎಂದು ಹೇಳಿ ಹೋದರು. ದೊಡ್ಡಮ್ಮ ಹೊಲಿಗೆ ಬಿಚ್ಚಿದಳು, ಸೀಮೆಸುಣ್ಣದಲ್ಲಿ ಗೆರೆ ಎಳೆದಳು, ಆಮೇಲೆ ಕತ್ತರಿ ಮುಟ್ಟದೆ ನಿಂತುಬಿಟ್ಟಳು.

ನಾನು ಪಕ್ಕದಲ್ಲೇ ಕೂತು ಆಫೀಸಿನ ಬಡ್ತಿ ಪರೀಕ್ಷೆಗೆ ಇಂಗ್ಲಿಷ್ ಪದಗಳನ್ನು ಉರು ಹೊಡೆಯುತ್ತಿದ್ದೆ. "ಫಾಲ್ಟರ್" ಎಂದು ಜೋರಾಗಿ ಓದಿದೆ.

"ನನಗೇ ಹೇಳ್ತಿದೀಯೇನೇ?" ಎಂದಳು. "ಕಟ್ ಮಾಡೋರು ಕಟರ್. ನಿಮ್ಮ ದೊಡ್ಡಪ್ಪ ಪೈಪ್ ಫಿಟ್ ಮಾಡ್ತಾರೆ, ಫಿಟರ್. ಫಾಲ್ಟ್ ಮಾಡೋಳು ಫಾಲ್ಟರ್. ನಾನೇ ಅಲ್ವಾ?"

ನನಗೆ ನಗು ಬಂತು. "ಅದು ಕಸುಬಿನ ಹೆಸರಲ್ಲ ದೊಡ್ಡಮ್ಮ. ತಪ್ಪು ಮಾಡೋದೂ ಅಲ್ಲ. ಧೈರ್ಯ ಸಾಲದೆ ನಡುವೆ ತಡವರಿಸೋದು. ಮಾತಾಡ್ತಾ ದನಿ ತಡವರಿಸುತ್ತೆ, ನಡೀತಾ ಹೆಜ್ಜೆ."

"ಕೈ?"

"ಕೈಗೂ ಹೇಳ್ತಾರೆ. ಪುಸ್ತಕದಲ್ಲಿ ಉದಾಹರಣೆನೇ ಇದೆ, 'ಅವಳ ಕೈ ತಡವರಿಸಿತು' ಅಂತ."

ಅವಳು ಕತ್ತರಿ ಎತ್ತಿಕೊಂಡಳು. ಗೇಣುದ್ದ ಹೋಗಿ ಕತ್ತರಿ ನಿಂತಿತು.

"ಇದೇ ತಾನೇ ನಿನ್ನ ಫಾಲ್ಟರ್?"

"ಹೂಂ."

"ಆಮೇಲೆ ಏನಾಯ್ತಂತೆ ಪುಸ್ತಕದಲ್ಲಿ?"

ಪುಸ್ತಕದಲ್ಲಿ ಆ ಉದಾಹರಣೆ ಅಲ್ಲಿಗೇ ಮುಗಿದಿತ್ತು. "ಆಮೇಲೆ ಮುಂದಕ್ಕೆ ಹೋಯ್ತಂತೆ" ಎಂದು ಹಸಿ ಸುಳ್ಳು ಹೇಳಿದೆ.

ಕತ್ತರಿ ಕರಕರನೆ ಹೊರಟಿತು. ಭುಜದ ತಿರುವಿನಲ್ಲಿ ಬಳುಕಿತು, ಗೆರೆ ಬಿಟ್ಟು ಕೂದಲೆಳೆಯಷ್ಟೂ ಸರಿಯಲಿಲ್ಲ. ಒಂದು ತಿಂಗಳು ಸುಮ್ಮನಿದ್ದ ಕೈ ಏನನ್ನೂ ಮರೆತಿರಲಿಲ್ಲ.

ತೋಳುಗಳನ್ನು ಮೇಜಿನ ಮೇಲೆ ಜೋಡಿಸಿ, ಒಂದು ಎಡ, ಒಂದು ಬಲ ಎಂದು ಎರಡು ಸಲ ಮುಟ್ಟಿ ನೋಡಿದಳು. ಆಮೇಲೆ ಕನ್ನಡಕ ಏರಿಸಿಕೊಂಡು, "ಎಲ್ಲಿ, ತೋರಿಸು ಆ ಸಾಲು" ಎಂದಳು. ತೋರಿಸಿದೆ. ಇಂಗ್ಲಿಷ್ ಓದಲು ಬಾರದಿದ್ದರೂ ಅವಳಿಗೆ ವಾಕ್ಯ ಮುಗಿಸುವ ಚುಕ್ಕೆ ಗೊತ್ತು.

"ಇಲ್ಲಿಗೇ ಮುಗಿದಿದೆಯಲ್ಲೇ, ಸುಳ್ಳುಬುರುಕಿ!"

"ಅದು ಪುಸ್ತಕದೋರ ಫಾಲ್ಟ್, ದೊಡ್ಡಮ್ಮ."