ನರಸಿಂಹಪ್ಪ ನಿಮ್ಮನೆಗೇ ಹೋಗಿದ್ದಾನೆ

ಇವತ್ತು ಭಾನುವಾರ. ಬೆಳಗ್ಗೆ ಆರು ಗಂಟೆಗೆ ಹಾಜರಿದ್ದವರು: ನಾನು, ನನ್ನಾಕೆ, ಕಂಪ್ಯೂಟರ್. ಡ್ರಿಲ್ ಮೇಷ್ಟ್ರಾಗಿ ನಿವೃತ್ತನಾದವನಿಗೆ ಹಾಜರಿ ತೆಗೆಯದೆ ದಿನ ಶುರುವಾಗುವುದಿಲ್ಲ.

ಪರದೆಯಲ್ಲಿ ಸುದ್ದಿಯ ಪಕ್ಕಕ್ಕೆ ಒಂದು ಬಿಳಿ ಚೌಕ. ಮೊದಲು ಅಲ್ಲಿ ಮಂಡಿನೋವಿನ ಎಣ್ಣೆಯ ಜಾಹೀರಾತಿನವನು ಕುಣಿಯುತ್ತಿದ್ದ. ಅವನನ್ನು ಓಡಿಸಿದವನು ನಾನೇ. ಆದರೂ ಆ ಖಾಲಿ ಚೌಕ ಕಂಡಾಗಲೆಲ್ಲ ತಿರುಮಣಿಯ ನರಸಿಂಹಪ್ಪ ನೆನಪಾಗುತ್ತಾನೆ.

ನರಸಿಂಹಪ್ಪ ಹೈಸ್ಕೂಲಿನಲ್ಲಿ ನನ್ನ ಬೆಂಚಿನವನು. ನನಗೆ ಕೆಲಸ ಸಿಕ್ಕ ಮೇಲೆ ‘ಮೇಷ್ಟ್ರೇ’ ಎನ್ನತೊಡಗಿದ. ‘ನೀನು’ ಎನ್ನುವುದನ್ನು ಮಾತ್ರ ಬಿಡಲಿಲ್ಲ. ಪ್ರತಿ ಭಾನುವಾರ ಪಾವಗಡದಿಂದ ತಿರುಮಣಿಯ ಬಸ್ಸು ಹತ್ತಿ ಅವನ ಜಗುಲಿಯಲ್ಲಿ ಕೂತು ಬರುವುದು ನನ್ನ ವೇಳಾಪಟ್ಟಿಯಲ್ಲಿ ಊಟದಷ್ಟೇ ಖಾಯಂ. ಹೊಲದ ಬಹುಪಾಲನ್ನು ಅವನು ಸೋಲಾರ್ ಪಾರ್ಕಿಗೆ ಗುತ್ತಿಗೆ ಕೊಟ್ಟು ವರ್ಷವರ್ಷ ಹಣ ಬರತೊಡಗಿದ ಮೇಲೆ ಆ ಜಗುಲಿಗೆ ನಾನೊಬ್ಬನೇ ಹಕ್ಕುದಾರನಾಗಿ ಉಳಿಯಲಿಲ್ಲ. ವಿಮೆಯವರು, ಟ್ರ್ಯಾಕ್ಟರ್ ಏಜೆಂಟರು, ಸೈಟು ಮಾರುವವರು, ಮಗನಿಗೆ ಹೆಣ್ಣು ತೋರಿಸುತ್ತೇವೆನ್ನುವವರು, ಎಲ್ಲರೂ ಬಂದರು. ಮಗನಿಗೆ ಆಗಲೇ ಮದುವೆಯಾಗಿತ್ತು.

“ಸಾಕಾಗೋಯ್ತು ಕಣಪ್ಪ ಮೇಷ್ಟ್ರೇ. ನಿನ್ನ ಕಂಪ್ಯೂಟರ್‌ಗೂ ಇಂಗೇ ನುಗ್ತಾರಂತಲ್ಲ, ಹೆಂಗೆ ತಡೀತೀಯ?” ಎಂದ.

ನಾನು ಪಾಠ ಮಾಡಿದೆ. ಕಂಪ್ಯೂಟರಿನಲ್ಲಿ ಹೋಸ್ಟ್ಸ್ ಎಂಬ ಫೈಲಿದೆ. ಯಾವ ಸೈಟಿನ ಹೆಸರು ಕೇಳಿದರೂ ಕಂಪ್ಯೂಟರ್ ಹೊರಗೆ ವಿಚಾರಿಸುವ ಮೊದಲು ಈ ಫೈಲನ್ನು ನೋಡುತ್ತದೆ. ಜಾಹೀರಾತಿನವರ ಹೆಸರಿನ ಮುಂದೆ 127.0.0.1 ಎಂದು ಬರೆದಿಟ್ಟರೆ, ‘ನೀನು ಹುಡುಕುವವರು ನಿನ್ನ ಮನೆಯಲ್ಲೇ ಇದ್ದಾರೆ’ ಎಂದರ್ಥ. ಪಾಪ, ಕಂಪ್ಯೂಟರ್ ತನ್ನ ಮನೆಯನ್ನೇ ತಡಕಾಡಿ, ಯಾರೂ ಸಿಗದೆ ತೆಪ್ಪಗಾಗುತ್ತದೆ.

“ಯಾರೂ ದಾಟಕ್ಕಾಗಲ್ವಾ?”

“ಹೆಸರು ಹಿಡಿದು ಕೇಳಿದವರಿಗಷ್ಟೇ ತಡೆ. ಜಾಗದ ನಂಬರ್ ಗೊತ್ತಿದ್ದು ನೇರ ಹೋದವರು ದಾಟುತ್ತಾರೆ.”

“ಅಬ್ಬೋ!” ಎಂದ ನರಸಿಂಹಪ್ಪ. ಅವನ ಹೆಂಡತಿ ಲಕ್ಷ್ಮಮ್ಮ ಬಾಗಿಲ ಮರೆಯಲ್ಲಿ ನಿಂತು ಎಲ್ಲವನ್ನೂ ಕೇಳಿಸಿಕೊಂಡಳು.

ಮರುದಿನದಿಂದ ಯಾರು ಬಂದು ಕೂಗಿದರೂ ಲಕ್ಷ್ಮಮ್ಮನದು ಒಂದೇ ಉತ್ತರ: “ಅಯ್ಯೋ, ನಿಮ್ಮನೆಗೇ ಹೋದ್ರಲ್ಲ!” ವಿಮೆಯವನು ಬೈಕು ತಿರುಗಿಸಿಕೊಂಡು ತನ್ನೂರು ವೈ.ಎನ್.ಹೊಸಕೋಟೆಗೆ ಓಡಿ, ಉಪ್ಪಿಟ್ಟು ಮಾಡಿಸಿಕೊಂಡು ಕಾದ. ಹೆಣ್ಣು ತೋರಿಸುವವನು ಮನೆಗೆ ಹೋಗಿ, ಬಂದ ಅತಿಥಿಯನ್ನು ಕೂರಿಸಲಿಲ್ಲವೆಂದು ಹೆಂಡತಿಯೊಂದಿಗೆ ಜಗಳವಾಡಿದ. ಬಾಗಿಲಿಗೆ ಬಂದವನನ್ನು ಬರಿಗೈಲಿ ಕಳಿಸಿದೆವೆಂಬ ನಾಚಿಕೆ ನಮ್ಮ ಕಡೆ ಸಣ್ಣದಲ್ಲ. ಕ್ಷಮೆ ಕೇಳಲು ಬಾಳೆಹಣ್ಣು ಹಿಡಿದು ಮತ್ತೆ ಬಂದರು. ಬಾಳೆಹಣ್ಣು ಇಳಿಸಿಕೊಂಡು ಅವರನ್ನೂ ಅವರವರ ಮನೆಗೆ ಕಳಿಸಲಾಯಿತು.

ನಾನು ನಕ್ಕೆ. ಆಮೇಲಿನ ಭಾನುವಾರ ನಾನು ಹೋಗಿ ಕೂಗಿದಾಗ ಲಕ್ಷ್ಮಮ್ಮ ಹೊರಗೆ ಬಂದು, “ಇವ್ರು ನಿಮ್ಮನೆಗೇ ಬಂದ್ರಲ್ಲ ಮೇಷ್ಟ್ರೇ!” ಎಂದಳು.

ನೀವು ನಂಬಲಿಕ್ಕಿಲ್ಲ, ನಾನೂ ಓಡಿದೆ. ಸಿಕ್ಕ ಬಸ್ಸು ಹತ್ತಿ ಬಂದು ಕಾಫಿಗೆ ಡಿಕಾಕ್ಷನ್ ಹಾಕಿಸಿ, ಹೊಸಿಲ ಮೇಲೆ ಕೂತು ಬೀದಿ ನೋಡಿದೆ. ಕಾಫಿ ಆರಿತು. ನನ್ನಾಕೆ ಸೆರಗನ್ನು ಬಾಯಿಗಿಟ್ಟುಕೊಂಡು ನಗುತ್ತಿದ್ದಳು.

“ನೀವು ಹೇಳಿಕೊಟ್ಟಿದ್ದೇ ಅಲ್ವೇನ್ರೀ ಅದು?”

“ನಾನೇನು ಎಣ್ಣೆ ಮಾರ್ತೀನಾ?”

“ಇನ್ನೇನ್ ಮತ್ತೆ! ಕೂತ ತಕ್ಷಣ ಬೆನ್ನು ನೆಟ್ಟಗಿಡು, ಉಪ್ಪು ಬಿಡು, ಬೀಡಿ ಬಿಡು, ಐದಕ್ಕೇ ಏಳು. ಎಣ್ಣೆಯವನಾದ್ರೂ ನಡುವೆ ಒಂದು ಹಾಡು ಹಾಕ್ತಾನೆ.”

ಆ ವಾರ ನನಗೆ ಯಾವ ಕೆಲಸವೂ ರುಚಿಸಲಿಲ್ಲ. ಪರದೆಯ ಬಿಳಿ ಚೌಕ ನೋಡಿದರೆ ಖಾಲಿಯಾದ ಮುಂದಿನ ಭಾನುವಾರವನ್ನೇ ಯಾರೋ ಕತ್ತರಿಸಿ ಅಲ್ಲಿ ಅಂಟಿಸಿದಂತಿತ್ತು. ಈ ವಯಸ್ಸಿನಲ್ಲಿ ಬೆಂಚಿನವನನ್ನು ಕಳೆದುಕೊಂಡರೆ ಇನ್ನೊಬ್ಬನನ್ನು ಎಲ್ಲಿಂದ ತರುವುದು? ಆಗ ನನ್ನ ಪಾಠವೇ ನನಗೆ ನೆನಪಾಯಿತು. ಹೆಸರು ಹಿಡಿದು ಕೇಳಿದವರಿಗಷ್ಟೇ ತಡೆ.

ಭಾನುವಾರ ಅವನ ಬಾಗಿಲಲ್ಲಿ ಕೂಗಲಿಲ್ಲ. ಹಿತ್ತಲ ಬೇಲಿ ದಾಟಿ, ಅಂಗಿಗೆ ಮುಳ್ಳು ಸಿಕ್ಕಿಸಿಕೊಂಡು ಕೊಟ್ಟಿಗೆಗೆ ನುಗ್ಗಿದೆ. ನರಸಿಂಹಪ್ಪ ಗೂನು ಬೆನ್ನು ಮಾಡಿಕೊಂಡು ಬಿತ್ತನೆಗೆ ಕಡಲೆಕಾಯಿ ಸುಲಿಯುತ್ತಿದ್ದ. ಬಿತ್ತುವ ಬೀಜವನ್ನು ಮಿಷನ್ನಿಗೆ ಹಾಕುವುದಿಲ್ಲ, ಬೀಜದ ಮೇಲಿನ ತೆಳುಪೊರೆ ಕಿತ್ತುಹೋಗುತ್ತದೆ; ಕೈಯಲ್ಲೇ ಸುಲಿಯಬೇಕು, ಆ ಹೊತ್ತಿಗೆ ಬಂದವರೂ ಕೂತು ಸುಲಿಯಬೇಕು.

ಅವನು ತಲೆಯೆತ್ತಿ, “ನೇರ ನಂಬರ್‌ಗೇ ಬಂದ್ಬುಟ್ಟ ನೋಡು!” ಎಂದು ಮೊರವನ್ನು ನನ್ನತ್ತ ತಳ್ಳಿದ. “ಕೂತ್ಕೋ. ಬೆನ್ನಿನ ಸುದ್ದಿ ಎತ್ತಿದ್ರೆ ನಾನೂ ನಿಮ್ಮನೆಗೇ ಹೋಗ್ಬುಡ್ತೀನಿ.”

ಕೂತೆ, ಬಾಯಿಗೆ ಬೀಗ ಹಾಕಿಕೊಂಡು. ಅಂದಿನಿಂದ ಬೇಲಿಯೇ ನನ್ನ ದಾರಿ. ಲಕ್ಷ್ಮಮ್ಮ ಅಲ್ಲಿನ ಮುಳ್ಳು ಸರಿಸಿ ಒಂದು ಕಲ್ಲು ಹಾಕಿಸಿದ್ದಾಳೆ.

ಇವತ್ತೂ ಕಂಪ್ಯೂಟರ್ ಆರಿಸಿ, ಬಸ್ಸು ಹತ್ತಿ, ಅದೇ ಕಲ್ಲು ಹತ್ತಿಳಿದು ಹೋಗಿದ್ದೆ. ಸಂಜೆಯವರೆಗೆ ಕಡಲೆಕಾಯಿ ಸುಲಿದು ನರಸಿಂಹಪ್ಪ ಏಳಲು ಹೋಗಿ ಅರ್ಧಕ್ಕೇ ನಿಂತ.

“ಮೇಷ್ಟ್ರೇ, ಸೊಂಟ ಹಿಡ್ಕಂಡ್ಬುಡ್ತು. ಏನ್ ಮಾಡ್ಲಿ, ಹೇಳು.”

ತಾನಾಗಿ ಕೇಳಿದ್ದಾನೆ! ನನ್ನ ನಾಲಿಗೆಯ ತುದಿಯಲ್ಲಿ ಇಡೀ ತರಗತಿಗಾಗುವಷ್ಟು ವ್ಯಾಯಾಮಗಳು ಸಾಲಾಗಿ ನಿಂತು ಅಪ್ಪಣೆಗೆ ಕಾದವು.

“ನನ್ನದೂ ಹಿಡಿದಿದೆ ಕಣೋ,” ಎಂದೆ. “ಎಬ್ಬಿಸು.”

ಅವನು ನನ್ನನ್ನು ಹಿಡಿದ, ನಾನು ಅವನನ್ನು ಹಿಡಿದೆ. ಇಬ್ಬರೂ ಏಳಲಿಲ್ಲ, ಸಿಪ್ಪೆಯ ರಾಶಿಯ ಮೇಲೆ ಕುಸಿದೆವು. ಹೊರಗೆ ಯಾರೋ ಅವನ ಹೆಸರು ಹಿಡಿದು ಕೂಗಿದರು. ಲಕ್ಷ್ಮಮ್ಮ ಅವರನ್ನು ಅವರ ಮನೆಗೆ ಕಳಿಸಿದಳು. ಏಳಲಾಗದ ಮೇಲೆ ಇನ್ನೇನು ಮಾಡುವುದು, ಮೊರದಲ್ಲಿ ಉಳಿದಿದ್ದನ್ನು ಅಲ್ಲೇ ಕೂತು ಸುಲಿದು ಮುಗಿಸಿದೆವು.