ಹವ್ಯಾಸದ ಕಾಲಂನಲ್ಲಿ ಕಲೆ

ಬಳ್ಳಾರಿಯಲ್ಲಿ ಗಣಿ ದುಡ್ಡು ಕುಣಿಯುತ್ತಿದ್ದ ಕಾಲ. ಸಂಬಂಧ ಹುಡುಕುವುದೂ ಆಗ ಕಂಪ್ಯೂಟರಿಗೆ ಬಂದಿತ್ತು. ಅಣ್ಣ ನನ್ನನ್ನು ಕುರುಗೋಡಿನಿಂದ ಬಸ್ಸಿನಲ್ಲಿ ಕರೆದೊಯ್ದು ಮೊದಲು ಫೋಟೋ ತೆಗೆಸಿದ. ಚಿಕ್ಕಂದಿನಲ್ಲಿ ಅವ್ವ ಮಿರ್ಚಿ ಕರಿಯುವಾಗ ಎಣ್ಣೆ ಸಿಡಿದು ನನ್ನ ಎಡಗೆನ್ನೆ ಸುಟ್ಟಿತ್ತು. ಸ್ಟುಡಿಯೋದವನು ಆ ಗುರುತನ್ನು ಒರೆಸಿಯೇ ಹಾಕಿದ. ಫೋಟೋದ ಹುಡುಗಿಯನ್ನು ಕಂಡು ನನಗೇ ಹೊಟ್ಟೆಕಿಚ್ಚಾಯಿತು.

“ಇದು ನಾನಲ್ಲ,” ಎಂದೆ.

“ಸುಮ್ಕಿರವಾ. ಸಾವಿರ ಸುಳ್ಳು ಹೇಳಿ ಒಂದು ಮದುವಿ ಮಾಡು ಅಂತಾರ,” ಎಂದ ಅಣ್ಣ.

ನನಗೆ ಸಿಟ್ಟು ಮೂಗಿನ ತುದಿಯಲ್ಲೇ. ಇಂಟರ್ನೆಟ್ ಸೆಂಟರಿನಲ್ಲಿ ಮದುವೆ ವೆಬ್‌ಸೈಟಿಗೆ ನನ್ನ ವಿವರ ಟೈಪ್ ಮಾಡುತ್ತಿದ್ದವನಿಗೆ ಖಡಕ್ಕಾಗಿ ಹೇಳಿದೆ: “ಫೋಟೋ ಬೇಕಾದ್ರ ಹಾಕ್ರಿ. ಆದ್ರ ಕಲೆ ಐತಿ ಅಂತ ಬರೀರಿ.” ಅವನು ತಲೆ ಎತ್ತದೆ ಟಕಟಕ ಬರೆದ. ನಿಜ ಹೇಳಿದೆನೆಂಬ ಸಮಾಧಾನದಲ್ಲಿ ಊರಿಗೆ ಬಂದೆ.

ಎರಡು ವಾರಕ್ಕೆ ಸಿರುಗುಪ್ಪದಿಂದ ವರ ಬಂದರು, ತಾಯಿಯ ಜೊತೆ. ಅಕ್ಕಿ ಗಿರಣಿಯಲ್ಲಿ ಕೆಲಸ. ಎಲ್ಲ ತಿಳಿದೇ ಬಂದಿದ್ದಾರೆಂಬ ಧೈರ್ಯದಿಂದ ಮುಖಕ್ಕೆ ಸೆರಗು ಎಳೆದುಕೊಳ್ಳದೆ ಚಹಾ ಕೊಟ್ಟೆ. ತಾಯಿಯ ಕಣ್ಣು ನನ್ನ ಕೆನ್ನೆಯಲ್ಲೇ ನೆಟ್ಟಿತು. ವರ ಮಾತ್ರ ನೆಲ ನೋಡುತ್ತಲೇ ಚೀಲದಿಂದ ಬಣ್ಣದ ಪೆನ್ಸಿಲ್ಲುಗಳ ಡಬ್ಬಿ ತೆಗೆದು ಮುಂದಿಟ್ಟರು.

“ನಿಮಗ ಕಲೆ ಅಂದ್ರ ಭಾಳ ಇಷ್ಟ ಅಂತ ಓದಿದ್ನಿರಿ. ಏನೇನು ಚಿತ್ರ ಬಿಡಿಸ್ತೀರಿ?”

ಆ ಟೈಪ್ ಮಾಡಿದ ಪುಣ್ಯಾತ್ಮ ನನ್ನ ಸುಟ್ಟ ಕಲೆಯನ್ನು ಹವ್ಯಾಸದ ಕಾಲಂಗೆ ತುಂಬಿಬಿಟ್ಟಿದ್ದ! ನಗಬೇಕೋ ಅಳಬೇಕೋ ತಿಳಿಯಲಿಲ್ಲ. ಅಷ್ಟರಲ್ಲಿ ಅಣ್ಣ, “ಹೂವು ಚಂದ ಬಿಡಿಸ್ತಾಳ್ರಿ,” ಎಂದು ಬಾಯಿ ಹಾಕಿದ.

“ನನಗ ಯಾವ ಚಿತ್ರಾನೂ ಬರಂಗಿಲ್ರಿ,” ಎಂದು ಕೆನ್ನೆ ತಿರುಗಿಸಿದೆ. “ನಾ ಹೇಳಿದ ಕಲೆ ಇದು. ಫೋಟೋದಾಗ ಅಳಿಸ್ಯಾರ.”

ಬಾಯಿಯೇನೋ ಜೋರಿತ್ತು. ಆದರೆ ಹಿಂದೆ ನೋಡಲು ಬಂದವರಂತೆ ಇವರೂ ಎದ್ದು ಹೋದರೆ ಇನ್ನು ಯಾರ ಮುಂದೆಯೂ ಕೂರುವ ಶಕ್ತಿ ನನಗಿರಲಿಲ್ಲ.

ಈಗ ನನ್ನ ಮಕ್ಕಳ ತಂದೆಯಾಗಿರುವ ಆ ಮನುಷ್ಯ ಮೊದಲ ಬಾರಿ ತಲೆ ಎತ್ತಿ ನನ್ನನ್ನು ನೋಡಿದರು. ಆ ಟೈಪ್ ಮಾಡಿದವನ ತಪ್ಪಿಗೆ ನಾನು ಇಂದಿಗೂ ಋಣಿ. ಅವನು ಸರಿಯಾಗಿ ಬರೆದಿದ್ದರೆ ಇವರು ಕುರುಗೋಡಿನ ಬಸ್ಸು ಹತ್ತುತ್ತಿದ್ದರೋ ಇಲ್ಲವೋ.

ಅಲ್ಲಿಯವರೆಗೆ ನನ್ನ ಕೆನ್ನೆ ಕಂಡವರೆಲ್ಲ, ಇದನ್ನು ಯಾರು ಕಟ್ಟಿಕೊಳ್ಳುತ್ತಾರೆ ಎಂದೇ ಅವ್ವನನ್ನು ಕೇಳಿದ್ದರು. ಇವರು ನನ್ನನ್ನೇ ಕೇಳಿದರು:

“ಸಣ್ಣಾಕಿ ಇದ್ದಾಗ ಸುಟ್ಟಿದ್ದೇನ್ರಿ? ಭಾಳ ಉರಿತೇನು?”

“ಹೂಂ ರೀ,” ಎಂದೆ. “ಭಾಳ ಉರಿತು.”