ಪುಸ್ತಕದ ಬೆನ್ನಿನೊಳಗೆ

ನನ್ನ ಸೋದರಮಾವ ಪುಸ್ತಕಗಳಿಗೆ ಹೊಲಿಗೆ ಹಾಕಿ ರಟ್ಟು ಕಟ್ಟುವವರು. ಬೀದಿಯವರೆಲ್ಲ ಅವರನ್ನು ‘ರಟ್ಟು ಮಾವ’ ಎನ್ನುತ್ತಿದ್ದರು. ಅವರಿಗಿಂತ ಹತ್ತು ವರ್ಷ ದೊಡ್ಡವರಾದ ಎದುರಿನ ಗಡಿಯಾರದ ಅಂಗಡಿಯವರೂ ಹಾಗೇ ಕರೆಯುತ್ತಿದ್ದರು. “ನನಗೆ ಇಷ್ಟು ಜನ ಅಳಿಯಂದಿರು ಯಾವಾಗ ಹುಟ್ಟಿದರೋ” ಎಂದು ಮಾವ ಗೊಣಗುತ್ತಿದ್ದರು. ಆದರೂ ಕರೆದರೆ ಓಗೊಡುತ್ತಿದ್ದರು. ಮುರಿದ ಕಡ್ಡಿಗೆ ದಾರ ಸುತ್ತಿದ ಕನ್ನಡಕ, ಅಂಟು ಒಣಗಿ ಬೆಳ್ಳಗಾದ ಉಗುರು, ಸಿಟ್ಟು ಬಂದರೆ ಮುಖಕ್ಕಿಂತ ಮೊದಲು ಕೆಂಪಾಗುವ ಕಿವಿ. ಹದಿನೇಳು ವರ್ಷ ಅವರೆದುರು ಕೂತು ಹೊಲಿಗೆ ಹಾಕಿದವಳು ನಾನು. ಅವರ ಕೈಯಲ್ಲಿ ನನ್ನಷ್ಟು ಬೈಸಿಕೊಂಡವರಿಲ್ಲ, ಅವರನ್ನು ನನ್ನಷ್ಟು ಬೈದವರೂ ಇಲ್ಲ. ಅವರ ಬಗ್ಗೆ ಬರೆಯುವ ಹಕ್ಕು ಬೇರೆ ಯಾರಿಗಿದ್ದೀತು?

ನಮ್ಮ ಕೆಲಸ ಹೇಳಬೇಕೆಂದರೆ ಸರಳ. ಅಚ್ಚಾದ ಹಾಳೆಗಳನ್ನು ಮಡಿಸಿ, ಕ್ರಮವಾಗಿ ಜೋಡಿಸಿ, ಮೇಣ ಸವರಿದ ದಾರದಿಂದ ಹೊಲಿಯುವುದು ನನ್ನ ಪಾಲು. ಬೆನ್ನಿಗೆ ಅಂಟು ಹಚ್ಚಿ, ಸುತ್ತಿಗೆಯಿಂದ ಬಡಿದು ದುಂಡಗೆ ಮಾಡಿ, ರಟ್ಟು ಹಾಕಿ, ಪ್ರೆಸ್ಸಿನಲ್ಲಿ ಬಿಗಿಯುವುದು ಮಾವನ ಪಾಲು. ರಟ್ಟಿನ ಬಟ್ಟೆಯ ಒಳಗಡೆ, ಬೆನ್ನಿನ ಉದ್ದಕ್ಕೂ, ಒಂದು ತೆಳು ಕಾಗದದ ಪಟ್ಟಿ ಅಂಟಿಸುತ್ತೇವೆ. ಅದಕ್ಕೆ ಹಳೆಯ ಪತ್ರಿಕೆ, ಕೆಟ್ಟ ಅಚ್ಚಿನ ಹಾಳೆ, ಯಾವುದಾದರೂ ಆದೀತು. ಪುಸ್ತಕ ಹರಿಯುವವರೆಗೆ ಅದು ಯಾರ ಕಣ್ಣಿಗೂ ಬೀಳುವುದಿಲ್ಲ. ತೆಳುವಾಗಿರಬೇಕು, ಅಷ್ಟೆ. ದಪ್ಪ ಕಾಗದ ಹಾಕಿದರೆ ತೆರೆದು ಮುಚ್ಚಿ ಒಂದೆರಡು ವರ್ಷದಲ್ಲೇ ಬೆನ್ನು ಬಿರುಕು ಬಿಡುತ್ತದೆ. ನಾನು ಹೊಸಬಳಾಗಿದ್ದಾಗ ಒಮ್ಮೆ ದಪ್ಪ ಕಾಗದ ಹಾಕಿ ಮಾವನಿಂದ ಮಂಗಳಾರತಿ ಮಾಡಿಸಿಕೊಂಡಿದ್ದೆ.

ದೇವರ ಜತೆ ಮಾವನಿಗೆ ಪಕ್ಕದ ಮನೆಯವರ ಜತೆ ಇರುವಂಥ ಸಲಿಗೆ. ಬೆಳಿಗ್ಗೆ ಬಾಗಿಲು ತೆರೆಯುವ ಮೊದಲು ಕಣ್ಣು ಮುಚ್ಚಿ ಪ್ರಾರ್ಥಿಸುವರು. ಒಲೆಯ ಮೇಲಿನ ಅಂಟು ತಳ ಹಿಡಿದರೆ, “ಅಲ್ಲಪ್ಪಾ, ಒಂದು ನಿಮಿಷ ನೋಡ್ಕೊಳ್ಳೋಕಾಗ್ಲಿಲ್ವಾ ನಿಂಗೆ?” ಎಂದು ಮೇಲೆ ನೋಡಿ ದಬಾಯಿಸುವರು. ಮಗಳಿಗೆ ನಾಲ್ಕು ವರ್ಷವಾಗಿದ್ದಾಗ ಅತ್ತೆ ತೀರಿಕೊಂಡರು. ಆಗಲೂ ಮಾವನ ನಂಬಿಕೆ ಅಲುಗಲಿಲ್ಲ. “ಇಬ್ಬರಲ್ಲಿ ಒಬ್ಬಳನ್ನ ನಂಗೆ ಬಿಟ್ಟಿದ್ದಾನೆ” ಎಂದು ಮಗುವನ್ನು ಹೆಗಲಿಗೇರಿಸಿಕೊಂಡು ಪ್ರಾರ್ಥನಾ ಮಂದಿರಕ್ಕೆ ಹೋದರು.

ಆ ಮಗು ಬೆಳೆದು ಅಂಚೆ ಕಚೇರಿಯಲ್ಲಿ ಗುಮಾಸ್ತೆಯಾದಳು. ಅಪ್ಪನನ್ನು ರೇಗಿಸುವುದರಲ್ಲಿ ಅವಳದು ಎತ್ತಿದ ಕೈ. ಇಪ್ಪತ್ತನಾಲ್ಕನೆಯ ವಯಸ್ಸಿಗೆ ರಕ್ತದ ಕಾಯಿಲೆ ಹಿಡಿಯಿತು. ವೈದ್ಯರು ಕೈಯಲ್ಲಾದದ್ದನ್ನೆಲ್ಲ ಮಾಡಿದರು. ಮಾವ ಹರಕೆ ಹೊತ್ತರು: ಮಂದಿರಕ್ಕೆ ಇನ್ನೂರು ಪ್ರಾರ್ಥನಾ ಪುಸ್ತಕಗಳನ್ನು ತಾವೇ ಕಟ್ಟಿ ಕೊಡುವುದು, ಮಗಳು ಎದ್ದು ಓಡಾಡುವುದು.

“ನೀನು ಹೊಲಿದು ಕೊಡು ಸಾಕು. ಬೆನ್ನಿನ ಹತ್ರ ಮಾತ್ರ ಕೈ ಹಾಕ್ಬೇಡ” ಎಂದರು ನನಗೆ. ರಟ್ಟು ಹಾಕುವಾಗ ನನಗೆ ಬೆನ್ನು ತಿರುಗಿಸಿ ಕೂರುವರು. ಇಷ್ಟು ವರ್ಷದ ಮೇಲೆ ನನ್ನ ಕೈ ಮೇಲೆ ನಂಬಿಕೆ ಇಲ್ಲವೇ ಎಂದು ನನಗೆ ಒಳಗೊಳಗೇ ಚುರುಕ್ಕೆಂದಿತು.

ಅಂಗಡಿಯ ಹಿಂದಿನ ಕೋಣೆಯಲ್ಲೇ ಅವಳ ಮಂಚ. ಸುತ್ತಿಗೆಯ ಸದ್ದು ನಿಂತಾಗೆಲ್ಲ ಅವಳ ದನಿ ಬರುವುದು. “ಅಪ್ಪಾ, ಎಷ್ಟಾಯ್ತು?”

“ನೂರ ಇಪ್ಪತ್ತು.”

“ಇನ್ನೂ ಎಂಬತ್ತಾ? ಬೇಗ ಬೇಗ ಮಾಡಪ್ಪ. ಮಲಗಿ ಮಲಗಿ ನಂಗೂ ಸಾಕಾಯ್ತು.”

ಮಾವ ನಗುವರು. ಆಮೇಲೆ ಊಟ ಬಿಟ್ಟು ಕೆಲಸ ಮಾಡುವರು.

ನೂರ ಅರವತ್ತಮೂರನೆಯ ಪುಸ್ತಕ ಪ್ರೆಸ್ಸಿನಲ್ಲಿದ್ದಾಗ ಅವಳು ಹೋದಳು. ಬೆಳಿಗ್ಗೆ ಹನ್ನೊಂದು ಗಂಟೆ. ನಾನು ಒಳಗಿನಿಂದ ಓಡಿಬಂದು, “ಮಾವ, ಬನ್ನಿ” ಎಂದೆ. ನನ್ನ ಮುಖ ನೋಡಿದೊಡನೆ ಅವರಿಗೆ ಎಲ್ಲ ತಿಳಿಯಿತು. ಪ್ರೆಸ್ಸಿನ ತಿರುಪನ್ನು ಇನ್ನೊಂದು ಸುತ್ತು ಬಿಗಿ ಮಾಡಿದರು. ಆಮೇಲೆ ಎದ್ದರು. ಆ ಪುಸ್ತಕ ಪ್ರೆಸ್ಸಿನಲ್ಲೇ ತಿಂಗಳುಗಟ್ಟಲೆ ಉಳಿಯಿತು. ಕೊನೆಗೆ ಬಿಚ್ಚಿದವಳು ನಾನು.

ಸಮಾಧಾನ ಹೇಳುವವರು ಸಾಲುಗಟ್ಟಿ ಬಂದರು. ನೆರೆಯ ಅಜ್ಜಿಯೊಬ್ಬರು, “ಒಳ್ಳೆಯವರನ್ನ ದೇವರು ಬೇಗ ಕರೆಸ್ಕೊಳ್ತಾನಪ್ಪ” ಎಂದರು. ಮಾವ ತಲೆಯೆತ್ತಿ, “ಹಾಗಾದ್ರೆ ನಿಮಗೇನೂ ಭಯ ಇಲ್ಲ ಬಿಡಿ” ಎಂದರು. ನಗಬೇಕೋ ಬೇಡವೋ ಎಂದು ಯಾರಿಗೂ ಗೊತ್ತಾಗಲಿಲ್ಲ. ಮಂದಿರದ ಹಿರಿಯರು ಅವರ ಕೈ ಹಿಡಿದು, “ಅವನ ಉದ್ದೇಶ ನಮಗೆ ತಿಳಿಯೋದಿಲ್ಲ” ಎಂದರು.

“ತಿಳಿಯೋದಿಲ್ಲ ಅಂದ ಮೇಲೆ ಒಳ್ಳೇದೇ ಇರುತ್ತೆ ಅಂತ ಹೇಗೆ ಹೇಳ್ತೀರಿ?” ಎಂದರು ಮಾವ. ದನಿ ಏರಿಸಲಿಲ್ಲ. ನಿಜವಾಗಿ ಉತ್ತರ ಬೇಕಾಗಿದ್ದವರಂತೆ ಕಾದರು. ಹಿರಿಯರು ಅವರ ಕೈ ಬಿಟ್ಟು ಎದ್ದು ಹೋದರು.

ಅಂದಿನಿಂದ ಬೆಳಗಿನ ಪ್ರಾರ್ಥನೆ ನಿಂತಿತು. ಅಂಟು ತಳ ಹಿಡಿದರೂ ಮಾವ ಮೇಲೆ ನೋಡುತ್ತಿರಲಿಲ್ಲ. ಉಳಿದ ಮೂವತ್ತೇಳು ಪುಸ್ತಕಗಳ ಹಾಳೆಗಳನ್ನು ದಾರದಿಂದ ಕಟ್ಟಿ ಅಟ್ಟಕ್ಕೆ ಸೇರಿಸಿದರು. ಮಂದಿರದವರು ಕೇಳಿ ಕಳಿಸಿದಾಗಲೆಲ್ಲ, “ಮಾತು ಮುರಿದಿದ್ದು ನಾನಲ್ಲ” ಎನ್ನುವರು.

ನನ್ನ ಬಾಯಿ ಸುಮ್ಮನಿರುವ ಬಾಯಲ್ಲ. ನಾನು ಪ್ರಾರ್ಥನೆ ತಪ್ಪಿಸಿದವಳಲ್ಲ. ಇವರು ಹೀಗೆ ಕೈಕೊಡವಿ ಕೂತದ್ದು ನನಗೆ ಸರಿ ಕಾಣಲಿಲ್ಲ. ಒಂದು ದಿನ ಹೊಲಿಗೆ ಹಾಕುತ್ತಲೇ ಹೇಳಿಬಿಟ್ಟೆ: “ಕೊಟ್ಟ ಮಾತು ಮಾತೇ ಅಲ್ವಾ ಮಾವ? ದೇವರ ಹತ್ರ ವ್ಯಾಪಾರ ಮಾಡ್ತಿದ್ರಾ ನೀವು?”

ಅವರ ಕಿವಿ ಕೆಂಪಾಗಲಿಲ್ಲ. ರಟ್ಟು ಕತ್ತರಿಸುತ್ತಲೇ ಇದ್ದರು. ಆ ಮಾತನ್ನು ನಾನು ಆಡಬಾರದಾಗಿತ್ತು.

ವರ್ಷ ಕಳೆದ ಮೇಲೆ ಒಂದು ವಿಚಿತ್ರ ಶುರುವಾಯಿತು. ಕಟ್ಟಿ ಮುಗಿದಂತೆಲ್ಲ ಮಂದಿರದವರಿಗೆ ಹಂಚಿದ್ದ ಆ ಪುಸ್ತಕಗಳ ಬೆನ್ನು ಬಿರುಕು ಬಿಡುತ್ತಿದೆ ಎಂಬ ದೂರು ಕಿವಿಗೆ ಬಿತ್ತು. ಮಾವನ ಕೈಕೆಲಸ ಹೀಗಾಗುವುದೇ! ಮೊದಲ ಪುಸ್ತಕ ತಂದವಳು ಮೂಲೆಮನೆಯ ಇಸ್ತ್ರಿಯಮ್ಮ. ಅವಳ ಗಂಡ ಕಟ್ಟಡದ ಮೇಲಿಂದ ಬಿದ್ದು ಆರು ದಿನದಿಂದ ಆಸ್ಪತ್ರೆಯಲ್ಲಿ ಎಚ್ಚರವಿಲ್ಲದೆ ಮಲಗಿದ್ದ.

“ಸಂಜೆಯೊಳಗೆ ಆಗುತ್ತಾ ಅಕ್ಕ? ಪಕ್ಕದಲ್ಲಿ ಕೂತು ಓದ್ಬೇಕು. ಹಾಳೆ ಕಳಚಿ ಬೀಳ್ತಿದೆ.”

ಮಾವ ರಟ್ಟು ತರಲು ಹೋಗಿದ್ದರು. ಅವಳನ್ನು ಮೆಟ್ಟಿಲ ಮೇಲೆ ಕೂರಿಸಿ ನಾನೇ ಬೆನ್ನಿಗೆ ಒದ್ದೆ ಬಟ್ಟೆ ಹಾಕಿ ನೆನೆಸಿ ಬಿಡಿಸಿದೆ. ಒಳಗಿನ ಪಟ್ಟಿ ರದ್ದಿ ಕಾಗದವಲ್ಲ. ಚಿತ್ರ ಬರೆಯುವ ದಪ್ಪ ಬಿಳಿ ಕಾಗದ. ಅದರ ಮೇಲೆ ಕಪ್ಪು ಮಸಿಯಲ್ಲಿ ಮಾವನ ಕೈಬರಹ:

‘ಪುಸ್ತಕ ಹಿಡಿದವರ ಕೈ ಇಲ್ಲಿರುತ್ತದೆ. ನನ್ನ ಮಗಳು ಬದುಕಲಿ.’

ಪಟ್ಟಿಯನ್ನು ಬೆಳಕಿಗೆ ಹಿಡಿದು ಇನ್ನೊಮ್ಮೆ ಓದಿದೆ. ತೆಳು ಕಾಗದವಾದರೆ ಅಂಟಿನ ತೇವಕ್ಕೆ ಮಸಿ ಹರಡಿ ಅಕ್ಷರ ಅಳಿಸುತ್ತದೆ. ಅದಕ್ಕೇ ದಪ್ಪ ಕಾಗದ. ಬೆನ್ನು ಒಡೆಯುತ್ತದೆಂದು ನನಗೆ ಕಲಿಸಿದವರೇ ಅವರು. ತಿಳಿದೂ ತಿಳಿದೂ ನೂರ ಅರವತ್ತಮೂರು ಪುಸ್ತಕಗಳನ್ನು ಕೆಡಿಸಿದ್ದರು. ಅಷ್ಟು ಜನ ಪ್ರತಿ ವಾರ ತಮಗೇ ಗೊತ್ತಿಲ್ಲದೆ ಆ ಹುಡುಗಿಯ ಜೀವವನ್ನು ಅಂಗೈಯಲ್ಲಿಟ್ಟುಕೊಂಡು ಪ್ರಾರ್ಥಿಸಿದ್ದರು. ಅವರ ನಡುವೆ ನಾನೂ ಇದ್ದೆ. ಇಂಥ ಮಾವನನ್ನು ನಾನು ವ್ಯಾಪಾರಿ ಎಂದಿದ್ದೆ.

ಮಾವ ಬಾಗಿಲಲ್ಲಿ ನಿಂತಿದ್ದರು. ನನ್ನ ಕೈಯಲ್ಲಿದ್ದದ್ದನ್ನು ನೋಡಿದರು. ರಟ್ಟಿನ ಕಟ್ಟನ್ನು ನಿಧಾನವಾಗಿ ಇಳಿಸಿ, “ಅದನ್ನ ಎಸೆದುಬಿಡು. ತೆಳೂದು ಹಾಕು” ಎಂದರು.

ಆಮೇಲೆ ಇಸ್ತ್ರಿಯಮ್ಮನ ಕಡೆ ತಿರುಗಿ ಗಂಡನ ಸಮಾಚಾರ ಕೇಳಿದರು. ಎಲ್ಲ ಕೇಳಿಸಿಕೊಂಡು, ಒಂದು ತೆಳು ಕಾಗದ ಕತ್ತರಿಸಿ, ಕಿವಿಯಲ್ಲಿ ಸಿಕ್ಕಿಸಿದ್ದ ಪೆನ್ಸಿಲ್ ತೆಗೆದು ಬರೆದರು: ‘ಇವಳ ಗಂಡ ಕಣ್ಣು ಬಿಡಲಿ.’ ಪೆನ್ಸಿಲ್ ಅಕ್ಷರ ತೇವಕ್ಕೆ ಹರಡುವುದಿಲ್ಲ. ಮಗಳಿಗಾಗಿ ಪುಸ್ತಕ ಕಟ್ಟಿದ ಆ ಎಂಟು ತಿಂಗಳಲ್ಲಿ ಅವರಿಗೆ ಅದು ಹೊಳೆದಿರಲೇ ಇಲ್ಲ.

“ನಿಮಗೆ ನಂಬಿಕೆ ಇಲ್ವಲ್ಲ ಮಾವ” ಎಂದೆ ಮೆಲ್ಲಗೆ.

“ನಂಗಿಲ್ಲ. ಪುಸ್ತಕ ಅವಳದು.”

ಮೂರು ವಾರದ ನಂತರ ಇಸ್ತ್ರಿಯಮ್ಮ ಗಂಡನನ್ನು ಕರೆದುಕೊಂಡು ಬಂದಳು. ಅವನು ಕೋಲೂರಿಕೊಂಡು ಮೆಟ್ಟಿಲು ಹತ್ತಿದ. “ದೇವರು ದೊಡ್ಡವನು ಮಾವ. ಕೇಳಿದ ತಕ್ಷಣ ಕೊಟ್ಟ” ಎಂದು ಅವಳು ಅತ್ತಳು, ನಕ್ಕಳು. ಮಾವ ತಮ್ಮ ಸ್ಟೂಲಿನ ಮೇಲೆ ಅವನನ್ನು ಕೂರಿಸಿ ನೀರು ಕೊಟ್ಟರು. “ಒಳ್ಳೇದಾಯ್ತಮ್ಮ, ತುಂಬಾ ಒಳ್ಳೇದಾಯ್ತು” ಎಂದರು. ಮನಸಾರೆ ಹೇಳಿದರು, ನನಗೆ ಗೊತ್ತು.

ಅವರಿಬ್ಬರೂ ಬೀದಿಯ ತಿರುವು ದಾಟುವವರೆಗೆ ಮಾವ ನೋಡುತ್ತ ನಿಂತು, ಆಮೇಲೆ ನನ್ನನ್ನು ಕೇಳಿದರು: “ಅವಳದು ಒಂದು ಪುಸ್ತಕ. ನಂದು ನೂರ ಅರವತ್ತಮೂರು. ಅಷ್ಟರಲ್ಲಿ ಒಂದೂ ಕೇಳಿಸ್ಲಿಲ್ವೇನೇ ಅವನಿಗೆ?”

ಎಲ್ಲದಕ್ಕೂ ಮಾತಿಗೆ ಮಾತು ಕೊಡುತ್ತಿದ್ದವಳು ನಾನು. ಸ್ಟೂಲಿನ ಬಳಿ ಉಳಿದಿದ್ದ ನೀರಿನ ಲೋಟ ಎತ್ತಿ ಒಳಗಿಟ್ಟೆ. ಮಾವ ಕನ್ನಡಕ ಒರೆಸಿಕೊಂಡರು.

“ಆ ಮೂವತ್ತೇಳು ಕೆಳಗಿಳಿಸು” ಎಂದರು.

ಹದಿನೈದು ದಿನದಲ್ಲಿ ಮುಗಿಸಿದೆವು. ಈ ಸಲ ಮಾವ ನನಗೆ ಬೆನ್ನು ತಿರುಗಿಸಿ ಕೂರಲಿಲ್ಲ. ತೆಳು ಪಟ್ಟಿಗಳನ್ನು ಕತ್ತರಿಸಿ ಕೊಟ್ಟು, “ಏನು ಬರೀತೀರಿ?” ಎಂದೆ.

“ಏನೂ ಇಲ್ಲ. ಓದೋರು ಓದ್ಕೊಳ್ಲಿ. ನಾನು ಕೇಳೋದು ಮುಗೀತು.”

ಪುಸ್ತಕಗಳನ್ನು ಮಂದಿರಕ್ಕೆ ಮುಟ್ಟಿಸಿದವಳು ನಾನೇ. ಹಿರಿಯರು ಸಂತೋಷದಿಂದ, “ಅಂತೂ ನಿಮ್ಮ ಮಾವ ವಾಪಸ್ ಬಂದರು” ಎಂದರು. “ಇಲ್ಲ ಹಿರಿಯರೇ, ಪುಸ್ತಕ ಮಾತ್ರ ಬಂದಿವೆ” ಎಂದೆ. ಮಾವ ಆಮೇಲೆ ಒಂಬತ್ತು ವರ್ಷ ಬದುಕಿದರು, ಕೊನೆಯ ದಿನದವರೆಗೂ ಪ್ರಾರ್ಥನೆ ಮಾಡಲಿಲ್ಲ. ಕೆಲಸದಲ್ಲಿ ಮೋಸ ಮಾಡಲಿಲ್ಲ, ಯಾರ ಪ್ರಾರ್ಥನೆಯನ್ನೂ ಹಂಗಿಸಲಿಲ್ಲ.

ಈಗ ಅಂಗಡಿ ನನ್ನದು. ನಾನು ಈಗಲೂ ಮಂದಿರಕ್ಕೆ ಹೋಗುತ್ತೇನೆ, ಮೊದಲಿನಷ್ಟು ಧೈರ್ಯವಾಗಿ ಅಲ್ಲ. ಆ ನೂರ ಅರವತ್ತಮೂರರಲ್ಲಿ ಕೆಲವು ಇನ್ನೂ ರಿಪೇರಿಗೆ ಬರುತ್ತವೆ. ದಪ್ಪ ಕಾಗದ ತೆಗೆದು ತೆಳುವಾದದ್ದನ್ನು ಅಂಟಿಸುತ್ತೇನೆ. ಅಂಟಿಸುವ ಮೊದಲು ಮಾವ ಬರೆದದ್ದನ್ನು ಪೆನ್ಸಿಲಿನಿಂದ ಹಾಗೆಯೇ ನಕಲು ಮಾಡುತ್ತೇನೆ. ಅವಳು ಹೋಗಿ ಹನ್ನೆರಡು ವರ್ಷವಾಯಿತು. ನನ್ನ ಮಗಳು ಬದುಕಲಿ ಎಂದೇ ಬರೆಯುತ್ತೇನೆ.